ಬಾನೆಟ್ಟಿನಡಿಯ ಕರಿ ಸರಳು

ನನಗೆ ಏನನ್ನು ಕೊಟ್ಟರೂ ಮೊದಲು ಮೂಸಿ ನೋಡುವ ಚಟ. ಹಾಲು, ಮೊಸರು, ಅಂಗಡಿಯಿಂದ ಬಂದ ಬೇಳೆ, ಇಸ್ತ್ರಿಯವನು ತಂದುಕೊಟ್ಟ ಸೀರೆ, ಹೊಸ ಪಠ್ಯಪುಸ್ತಕ, ಯಾವುದೂ ನನ್ನ ಮೂಗನ್ನು ತಪ್ಪಿಸಿಕೊಂಡು ಮನೆಯೊಳಗೆ ಬಂದಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆ ಬಡಿಸಿದ ಸಾರನ್ನೂ ಅಭ್ಯಾಸಬಲದಿಂದ ಮೂಸಿಬಿಟ್ಟೆ. ಅವತ್ತಿನಿಂದ ಅವರು ನನ್ನ ಮುಂದೆ ತಟ್ಟೆ ಇಟ್ಟು ಒಂದು ಗಳಿಗೆ ನಿಂತು, "ಮೂಸ್ಕಂಡ್ಯಾ? ಇನ್ನ ಉಣ್ಣು," ಅನ್ನೋರು. ನಿಮಗೂ ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಜಾರಿಲ್ಲ. ಆದರೆ ಕಣ್ಣಿಗಿರುವ ಮುಲಾಜು ಮೂಗಿಗಿಲ್ಲ ಅನ್ನುವುದು ಇಷ್ಟು ವರ್ಷದ ನನ್ನ ಅನುಭವ.

ಮೊನ್ನೆ ಮನೆಗೆ ಹೊಸ ಫ್ಲಾಸ್ಕು ಬಂತು. ನಾನು ಮುಚ್ಚಳ ತಿರುಗಿಸಿ ಮೂಗು ಇಟ್ಟದ್ದೇ ತಡ, ನಮ್ಮ ಯಜಮಾನರು ಪೇಪರಿನ ಹಿಂದಿನಿಂದಲೇ, "ಮರದ್ದೇನೋ ನೋಡು," ಅಂದರು. ಮಗಳಿಗೆ ಅರ್ಥವಾಗಲಿಲ್ಲ. ಸ್ಟೀಲ್ ಫ್ಲಾಸ್ಕು ಮರದ್ದು ಹೇಗಾಗುತ್ತದೆ ಅಂತ ಕೇಳಿದಳು. ಆ ಮರದ ಕಥೆ ನಡೆದಾಗ ಅವಳು ಬಹಳ ಚಿಕ್ಕವಳು, ನೆನಪಿರಲಿಕ್ಕಿಲ್ಲ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಈ ಅನುಮಾನದ ರೋಗ ನನಗೆ ಎಲ್ಲಿಂದ ಅಂಟಿತು ಅನ್ನುವುದನ್ನು ಹೇಳಬೇಕು. ಇದು ನನ್ನ ಅಪ್ಪನ ಆಸ್ತಿ. ಚನ್ನಪಟ್ಟಣದ ಪಕ್ಕದಲ್ಲಿ ನಮಗೆ ಹಿಪ್ಪುನೇರಳೆ ತೋಟವಿತ್ತು. ರೇಷ್ಮೆ ಗೂಡು ಬಿಡಿಸಿದ ದಿನ ಅಪ್ಪ ಅದನ್ನು ರಾಮನಗರದ ಮಾರ್ಕೆಟ್ಟಿಗೆ ಒಯ್ಯುವಾಗ ನಾನೂ ಹಟ ಹಿಡಿದು ಹೋಗುತ್ತಿದ್ದೆ. ಅಲ್ಲಿ ಗೂಡು ತಂದ ರೈತನಿಗೆ ಕೊಳ್ಳುವವನ ಮೇಲೆ ಅನುಮಾನ, ಕೊಳ್ಳುವವನಿಗೆ ಗೂಡಿನ ಮೇಲೆ ಅನುಮಾನ. ಕೊಳ್ಳುವವರು ಗೂಡಿನ ರಾಶಿಯ ತಳಕ್ಕೆ ಕೈ ಹಾಕಿ ಒಂದನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸೋರು. ಒಳಗಿನ ಹುಳು ಗಲಗಲ ಅಂದರೆ ಸರಿ, ಅನ್ನದಿದ್ದರೆ ಮೂತಿ ತಿರುವೋರು. ನಮ್ಮಪ್ಪ ಆ ಕಿವಿಯನ್ನೇ ನೋಡುತ್ತಾ, "ಅವ್ನಿಗೆ ಕಿವಿ ಕೇಳಿಸ್ತದೋ ಇಲ್ವೋ ಯಾವನಿಗೊತ್ತು," ಅಂತ ನನಗೆ ಮಾತ್ರ ಕೇಳಿಸುವ ಹಾಗೆ ಗೊಣಗೋರು. ಇಂಥವರ ಮಗಳು ನಾನು.

ಇನ್ನು ನಮ್ಮಣ್ಣನ ಸೈಕಲ್ಲು. ನನಗೆ ಸೈಕಲ್ ಕಲಿಯುವ ಆಸೆ, ಅವನಿಗೆ ಸೈಕಲ್ ಕೊಡದೆ ಇರುವ ಆಸೆ. ಹಾಗಂತ ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿರಲಿಲ್ಲ. "ಬ್ರೇಕ್ ಒಸಿ ಸಡ್ಲ ಐತೆ, ಟೈಟ್ ಮಾಡ್ಸಿ ಕೊಡ್ತೀನಿ," ಅನ್ನೋನು. ಬ್ರೇಕ್ ಆದ ಮೇಲೆ ಚೈನು, ಚೈನಾದ ಮೇಲೆ ಪೆಡಲ್ಲು. ಹೀಗೆ ಅದನ್ನು ರಿಪೇರಿ ಮಾಡಿಸುತ್ತಾ ಮಾಡಿಸುತ್ತಾ ಅವನು ಹೈಸ್ಕೂಲು ಮುಗಿಸಿದ, ಸೈಕಲ್ಲು ಚಿಕ್ಕಪ್ಪನ ಮಗನಿಗೆ ಹೋಯಿತು. ನನಗೆ ಸೈಕಲ್ ಬರುವುದಿಲ್ಲ. ಯಾರಾದರೂ ಗಂಡಸು ಯಾವುದಾದರೂ ಗಾಡಿಯ ಬಗ್ಗೆ "ಒಸಿ ಸರಿ ಮಾಡ್ಸಿ ಕೊಡ್ತೀನಿ" ಅಂದರೆ ನನ್ನ ಮೂಗಿನ ಹೊಳ್ಳೆ ತಾನಾಗಿ ಅರಳುವುದು ಆಗಿನಿಂದ.

ರಾಮನಗರದ ನಮ್ಮ ಮನೆಗೆ ಕಾರು ಬಂದದ್ದು ಊರಿನ ಸುತ್ತಮುತ್ತ ಎಲ್ಲಿ ನೋಡಿದರೂ ತಗಡಿನ ಶೆಡ್ಡುಗಳು ಏಳುತ್ತಿದ್ದ ಕಾಲದಲ್ಲಿ. ಯಜಮಾನರು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ನಾನು ಮಾಗಡಿ ತಾಲ್ಲೂಕಿನ ಕೆಂಪಾಪುರದ ಆಚೆ ಒಂದು ಸರ್ಕಾರಿ ಶಾಲೆಯಲ್ಲಿ ಮೇಡಂ. ಬೆಳಿಗ್ಗೆ ನನಗೆ ಸರಿಹೊಂದುವ ಒಂದೇ ಒಂದು ಪ್ರೈವೇಟ್ ಬಸ್ಸಿತ್ತು. ಡ್ರೈವರನ ಹಿಂದಿನ ಕಿಟಕಿ ಸೀಟು ನನ್ನದು ಅಂತ ಕಂಡಕ್ಟರನಿಗೂ ಗೊತ್ತಿತ್ತು. ಫ್ಯಾಕ್ಟರಿಗಳು ಕೆಲಸಗಾರರಿಗಾಗಿ ಬಸ್ಸುಗಳನ್ನು ಗುತ್ತಿಗೆ ಹಿಡಿಯಲು ಶುರು ಮಾಡಿದ ಮೇಲೆ ಆ ಬಸ್ಸಿನ ಮಾಲೀಕ ಮಾಗಡಿ ಟ್ರಿಪ್ಪು ಬಿಟ್ಟು ಬಸ್ಸನ್ನು ಹಾರೋಹಳ್ಳಿಗೆ ಹಾಕಿಬಿಟ್ಟ. ಯಾವ ಫ್ಯಾಕ್ಟರಿಗೆ ಅಂದುಕೊಂಡಿರಿ? ನಮ್ಮ ಯಜಮಾನರ ಫ್ಯಾಕ್ಟರಿಗೇ. ಮೊದಲನೇ ದಿನ ಸಂಜೆ ಬಂದವರು, "ಬಸ್ ಚೆನ್ನಾಗೈತೆ, ಡ್ರೈವರ್ ಹಿಂದ್ಗಡೆ ಕಿಟಕಿ ಸೀಟು ಸಿಕ್ತು," ಅಂದರು. ನಾನು ಎದ್ದು ಒಳಗೆ ಹೋದೆ.

ಮುಂದಿನ ಬಸ್ಸು ಹಿಡಿದರೆ ನಾನು ಶಾಲೆ ಸೇರುವ ಹೊತ್ತಿಗೆ ಪ್ರಾರ್ಥನೆ ಮುಗಿದು ಮಕ್ಕಳು ಅಂಗಳದಲ್ಲಿ ಗಲಾಟೆ ಹಾಕುತ್ತಿರುತ್ತಿದ್ದರು. ಹೆಡ್ಮಾಸ್ಟರು ಒಳ್ಳೆಯವರು, ಕೆಲವು ದಿನ ಸುಮ್ಮನಿದ್ದರು. ಆಮೇಲೆ ಒಂದು ದಿನ, "ಮೇಡಂ, ರಾಮನಗರದಲ್ಲೇ ಒಂದು ಜಾಗ ಖಾಲಿ ಇದೆಯಂತೆ, ಟ್ರಾನ್ಸ್‌ಫರ್ ಕೇಳಿಬಿಡಿ," ಅಂದರು. ಮನೆಯಲ್ಲೂ ಅದೇ ಮಾತು. ನನಗೆ ಮಾತ್ರ ಮನಸ್ಸಿರಲಿಲ್ಲ. ಒಂದನೇ ಕ್ಲಾಸಿನಲ್ಲಿ ನಾನು ಕೈ ಹಿಡಿದು ತಿದ್ದಿಸಿದ ಮಕ್ಕಳು ಆಗ ಐದನೇ ಕ್ಲಾಸಿಗೆ ಬಂದಿದ್ದರು. ಮೂರು ವರ್ಷ ಬಾಯೇ ಬಿಡದಿದ್ದ ಒಬ್ಬಳು ಆಗಷ್ಟೇ ನನ್ನ ಹತ್ತಿರ ಜಗಳವಾಡಲು ಕಲಿತಿದ್ದಳು. ಅವರು ಆ ಶಾಲೆ ಮುಗಿಸಿ ಹೊರಡುವ ತನಕ ನಾನು ಅಲ್ಲಿಂದ ಕದಲಬಾರದು ಅಂತ ನನ್ನ ಆಸೆ. ದಸರಾ ರಜ ಮುಗಿಯುವುದರೊಳಗೆ ಹೊತ್ತಿಗೆ ಸರಿಯಾಗಿ ಹೋಗುವ ದಾರಿ ಸಿಗದಿದ್ದರೆ ಟ್ರಾನ್ಸ್‌ಫರ್‌ಗೆ ಅರ್ಜಿ ಹಾಕುವುದು ಅಂತ ಕೊನೆಗೆ ಒಪ್ಪಿಕೊಂಡೆ.

ದಾರಿ ಮನೆ ಮುಂದೆಯೇ ನಿಂತಿತ್ತು. ಬಿಳಿ ಬಣ್ಣದ ಪುಟ್ಟ ಕಾರು, ಸೆಕೆಂಡ್ ಹ್ಯಾಂಡು, ಹಿಂಬದಿಯನ್ನು ಯಾರೋ ಕತ್ತರಿಸಿ ತೆಗೆದ ಹಾಗೆ ಕಾಣುವಂಥದ್ದು. ಯಜಮಾನರು ದಿನಾ ನನ್ನ ಬಸ್ಸಿನಲ್ಲಿ ಫ್ಯಾಕ್ಟರಿಗೆ ಹೋಗುತ್ತಿದ್ದರು, ಕಾರು ವಾರಪೂರ್ತಿ ನೆರಳಲ್ಲಿ ಮಲಗಿರುತ್ತಿತ್ತು. ನಾನು ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತು ಲೈಸೆನ್ಸೂ ಮಾಡಿಸಿದೆ. ಲೈಸೆನ್ಸು ಕೈಗೆ ಬಂದ ದಿನ ಅದನ್ನು ಮೂಸಿ, ಯಜಮಾನರ ಮುಂದೆ ಇಟ್ಟು, ಕೀ ಕೇಳಿದೆ.

"ಒಸಿ ತಡಿ," ಅಂದರು. "ಗಾಡಿ ಸರಿ ಮಾಡ್ಸಿ ಕೊಡ್ತೀನಿ."

ನನ್ನ ಮೂಗಿನ ಹೊಳ್ಳೆ ಅರಳಿತು.

"ಏನಾಗಿದೆ ರೀ ಅದಕ್ಕೆ? ಹೋದ ವಾರ ತಾನೆ ಚೆನ್ನಾಗೈತೆ ಅಂತಿದ್ರಿ."

"ನೆಟ್ಟಗೆ ಹೋಗಕ್ಕೆ ಚೆನ್ನಾಗೇ ಐತೆ. ಮಾಗಡಿ ರೋಡ್ ನೆಟ್ಟಗೈತಾ? ಬರೀ ತಿರುವು. ತಿರುವಲ್ಲಿ ಬಾಡಿ ನುಲಿತದೆ ಕಣೆ. ಬಾಡಿ ಸಡ್ಲ."

ಮೊದಲು ಟೈರು ಬದಲಾಯಿಸಿದರು. ಆಮೇಲೆ ಚಕ್ರದ ಅಲೈನ್‌ಮೆಂಟು. ನಾನು ಮನಸ್ಸಿನಲ್ಲೇ ಬ್ರೇಕು, ಚೈನು, ಪೆಡಲ್ಲು ಅಂತ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರ ಫ್ಯಾಕ್ಟರಿಗೆ ಹೊಸದಾಗಿ ಬಂದ ಯಾರೋ ಎಂಜಿನಿಯರು ಕಾರಿನ ಮುಂಭಾಗಕ್ಕೆ ಒಂದು ಅಡ್ಡ ಸರಳು ಹಾಕಿಸಿದರೆ ಹಿಡಿತ ಬರುತ್ತದೆ ಅಂತ ಕಿವಿಯಲ್ಲಿ ಊದಿದ. ಅವತ್ತು ಸಂಜೆ ಯಜಮಾನರು ನನ್ನ ಬೀರುವಿನಿಂದ ರೇಷ್ಮೆ ಸೀರೆಯ ರಟ್ಟಿನ ಡಬ್ಬ ತೆಗೆದು, ಸೀರೆಯನ್ನು ಮಂಚದ ಮೇಲೆ ಸುರಿದು, ಮುಚ್ಚಳವಿಲ್ಲದ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ತೋರಿಸಿದರು. ಡಬ್ಬ ನುಲಿಯಿತು. ಆಮೇಲೆ ನನ್ನ ಶಾಲೆಯ ಸ್ಕೇಲನ್ನು ಅದರ ಮೇಲೆ ಅಡ್ಡ ಇಟ್ಟು, ಎರಡು ತುದಿಗೂ ಟೇಪು ಅಂಟಿಸಿ ಮತ್ತೆ ತಿರುಚಿದರು. ಈ ಸಲ ಅಷ್ಟಾಗಿ ನುಲಿಯಲಿಲ್ಲ.

"ನೋಡ್ದಾ? ಎಂಜಿನ್ನಿನ ಆ ಕಡೆ ಈ ಕಡೆ ಎರಡು ಶಾಕ್ ಅಬ್ಸಾರ್ಬರ್ ಅವೆ. ಅವೆರಡರ ತಲೆಗೂ ಸೇರ್ಸಿ ಒಂದು ಸರಳು ಬಿಗಿದ್ಬುಟ್ರೆ ಎರಡೂ ಒಟ್ಟಿಗೆ ನಿಲ್ತವೆ. ತಿರುವಲ್ಲಿ ಗಾಡಿ ನಾವ್ ಹೇಳ್ದಂಗೆ ಕೇಳ್ತದೆ."

ಡಬ್ಬದ ವಿಷಯದಲ್ಲಿ ಅವರು ಹೇಳಿದ್ದು ನಿಜ ಅಂತ ನನಗೂ ಕಂಡಿತು. ಡಬ್ಬ ಹಿಡಿದಿದ್ದ ಮನುಷ್ಯನ ಮೇಲಿನ ಅನುಮಾನ ಮಾತ್ರ ಹೋಗಲಿಲ್ಲ. ದಸರಾ ಹತ್ತಿರ ಬರುತ್ತಿತ್ತು. ಸರಳು ಆದ ಮೇಲೆ ಹಿಂದಕ್ಕೊಂದು ಸರಳು, ಅದಾದ ಮೇಲೆ ಹೊಟ್ಟೆಯಡಿಗೊಂದು ಸರಳು ಅಂತ ಶುರುವಾದರೆ ನನ್ನ ಐದನೇ ಕ್ಲಾಸಿನವರು ಕಾಲೇಜು ಸೇರಿರುತ್ತಾರೆ.

ಸರಳು ಮಾಡುವ ಕೆಲಸ ಚನ್ನಪಟ್ಟಣದ ಫಯಾಜನಿಗೆ ಹೋಯಿತು. ಅವನು ನಮ್ಮ ತವರಿನ ಬೀದಿಯವನೇ, ನನ್ನನ್ನು ಅಕ್ಕ ಅನ್ನುತ್ತಾನೆ. ಅವನ ಗ್ಯಾರೇಜಿನ ಗೋಡೆಗೆ ಅಂಟಿಕೊಂಡೇ ಅವನ ದೊಡ್ಡಪ್ಪ ಖಲೀಲ್ ಮಾಮು ಅವರ ಬೊಂಬೆ ಕಡೆಯುವ ಲೇತು. ಚಿಕ್ಕಂದಿನಲ್ಲಿ ಸ್ಕೂಲು ಬಿಟ್ಟ ಕೂಡಲೇ ನಾನು ಹೋಗಿ ಕೂರುತ್ತಿದ್ದದ್ದು ಅಲ್ಲೇ. ಹಾಲೆ ಮರದ ತುಂಡು ಗಿರಗಿರ ತಿರುಗುವಾಗ ಮಾಮು ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯೋರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಸೀರೆ ಉಡಿಸಿದ ಹಾಗೆ ಸುತ್ತಿಕೊಳ್ಳುತ್ತಿತ್ತು. ಆಗ ಒಂದು ವಾಸನೆ ಏಳುತ್ತದೆ, ಸಿಹಿಯೂ ಅಲ್ಲ, ಸುಟ್ಟದ್ದೂ ಅಲ್ಲ. ನಮ್ಮ ಬೀದಿಯ ಮಕ್ಕಳ ಬಟ್ಟೆಯಲ್ಲಿ, ತಲೆಗೂದಲಲ್ಲಿ ಅದೇ ವಾಸನೆ ಇರುತ್ತಿತ್ತು. ಎಂಟು ವರ್ಷದವಳಿದ್ದಾಗ ಒಮ್ಮೆ ತಿರುಗುತ್ತಿದ್ದ ಬುಗುರಿಯನ್ನು ಮುಟ್ಟಲು ಹೋಗಿ ಬೆರಳು ಸುಟ್ಟುಕೊಂಡೆ. ಮಾಮು ಬೈಯದೆ, ಆ ಬುಗುರಿಯನ್ನೇ ಮುಗಿಸಿ ನನ್ನ ಕೈಗೆ ಕೊಟ್ಟರು. ಅವರದ್ದೊಂದು ಪದ್ಧತಿ: ಅರಗು ಕಾಣದ ಮರ ಅವರ ಅಂಗಡಿಯಿಂದ ಹೊರಗೆ ಹೋಗಕೂಡದು. ಬಾಗಿಲಿಗೆ ಹಾಕುವ ಬೆಣೆಯೇ ಆಗಲಿ, ಅದಕ್ಕೂ ಬಣ್ಣ ಏರಲೇಬೇಕು.

ಒಂದು ಶುಕ್ರವಾರ ಯಜಮಾನರಿಗೆ ವಾರದ ರಜ. ಹಿಂದಿನ ದಿನವೇ ಕಾರು ಗ್ಯಾರೇಜಿನಲ್ಲಿತ್ತು. ಮಧ್ಯಾಹ್ನ ಹೋಗಿ ತಂದರು. ಬೀದಿಯ ಮೂಲೆಯಿಂದಲೇ ಹಾರನ್ನು. ಬಾನೆಟ್ ಎತ್ತಿ ನಮ್ಮೆಲ್ಲರನ್ನೂ ಕರೆದು ತೋರಿಸಿದರು. ಎಂಜಿನ್ನಿನ ಮೇಲೆ ಈ ತುದಿಯಿಂದ ಆ ತುದಿಗೆ ಕಪ್ಪನೆಯ ದಪ್ಪ ಸರಳು, ಮುಖ ಕಾಣುವಷ್ಟು ಹೊಳಪು.

"ಫಿನಿಶಿಂಗ್ ನೋಡು," ಅಂದರು. "ನಮ್ ಫ್ಯಾಕ್ಟ್ರಿಲೂ ಇಂಥ ಫಿನಿಶಿಂಗ್ ಬರಲ್ಲ."

ಆ ಹೊತ್ತಿಗೆ ಉಯ್ಯಂಬಳ್ಳಿಯಿಂದ ನಮ್ಮ ಮಾವನವರು ರಾಗಿ ಮೂಟೆ ತಂದು ಹಾಕಲು ಬಂದಿದ್ದರು. ಅವರನ್ನು ಮುಂದೆ ಕೂರಿಸಿಕೊಂಡು, ನನ್ನನ್ನೂ ಮಗಳನ್ನೂ ಹಿಂದೆ ತುಂಬಿಕೊಂಡು ಯಜಮಾನರು ಮಾಗಡಿ ರಸ್ತೆಗೆ ಕಾರು ತಿರುಗಿಸಿದರು. ಒಂದೊಂದು ತಿರುವು ಬಂದಾಗಲೂ, "ಈಗ ನೋಡಿ, ಈಗ ನೋಡಿ," ಅನ್ನೋರು. ಕಾರು ತಿರುಗುತ್ತಿತ್ತು. ಕಾರುಗಳು ತಿರುಗುತ್ತವೆ.

"ಹೆಂಗಪ್ಪಾ?"

ಮಾವ ಕಿಟಕಿಯ ಮೇಲಿನ ಹಿಡಿ ಬಿಡದೆ, "ಹೂಂ ಕಣ್ಲಾ, ಗಟ್ಟಿಯಾಗೈತೆ. ಮುಂಚೆ ವಾಲಾಡೋದು," ಅಂದರು. ಅವರು ಆ ಕಾರಿನಲ್ಲಿ ಕೂತದ್ದು ಅದೇ ಮೊದಲು. ನಾನು ಹಿಂದಿನ ಸೀಟಿನಲ್ಲಿ ಹೋದ ಸಲ ಎಷ್ಟು ವಾಲಿದ್ದೆನೋ ಈ ಸಲವೂ ಅಷ್ಟೇ ವಾಲಿ ಮಗಳ ಮೇಲೆ ಬಿದ್ದೆ. ಆದರೆ ಇಬ್ಬರು ಗಂಡಸರು ಇಷ್ಟು ಖಚಿತವಾಗಿ ಹೇಳುವಾಗ ನನ್ನ ಸೊಂಟದ ಮಾತು ಯಾರು ಕೇಳುತ್ತಾರೆ?

ಮನೆಗೆ ಬಂದು ಇಳಿದೆವು. ಅಪ್ಪ ಮಗ ಕಾಫಿಗೆ ಒಳಗೆ ಹೋದರು. ನಾನು ಮಗಳ ಚಪ್ಪಲಿ ಹುಡುಕುತ್ತಾ ಕಾರಿನ ಮುಂದೆ ಬಗ್ಗಿದಾಗ ಮೂಗಿಗೆ ಏನೋ ಬಡಿಯಿತು. ಪೆಟ್ರೋಲಲ್ಲ, ರಬ್ಬರಲ್ಲ, ಆಯಿಲ್ಲೂ ಅಲ್ಲ. ನನ್ನ ಎಂಟು ವರ್ಷದ ಬೆರಳು ಒಮ್ಮೆಲೇ ಚುರುಗುಟ್ಟಿತು. ಬಾನೆಟ್ ಎತ್ತಿದೆ. ವಾಸನೆ ಹಬೆಯಾಗಿ ಮುಖಕ್ಕೆ ಬಂತು. ಸರಳಿನ ಎಂಜಿನ್ ಕಡೆಯ ಮೈಗೆ ಮೆಲ್ಲಗೆ ಉಗುರು ಒತ್ತಿದೆ. ಉಗುರಿನ ಗುರುತು ಕೂತಿತು. ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ ಅನ್ನಲಿಲ್ಲ, ಬಾಗಿಲು ಬಡಿದ ಹಾಗೆ ಟಕ್ ಟಕ್ ಅಂದಿತು. ನಮ್ಮ ಯಜಮಾನರ ಸರಳು ಮರದ್ದು.

ನಿಮ್ಮ ಹತ್ತಿರ ಸುಳ್ಳು ಹೇಳಲಾರೆ, ಮೊದಲು ನನಗೆ ಬಂದದ್ದು ನನ್ನ ಮೂಗು ಗೆದ್ದ ಖುಷಿ. ಆಮೇಲೆ ಸಿಟ್ಟು. ಇವರು ಬೇಕಂತಲೇ ಮರದ್ದು ಹಾಕಿಸಿ ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೋ, ಇಲ್ಲ ಫಯಾಜನೇ ಇವರಿಗೆ ಟೋಪಿ ಹಾಕಿದನೋ, ಇಲ್ಲ ಇಬ್ಬರೂ ಸೇರಿಕೊಂಡಿದ್ದಾರೋ? ಬಾನೆಟ್ ಮುಚ್ಚಿ ಒಳಗೆ ಬಂದೆ. ಯಜಮಾನರು ಕಾಫಿ ಲೋಟವನ್ನೇ ಸ್ಟೇರಿಂಗ್ ಮಾಡಿಕೊಂಡು ತಿರುವುಗಳನ್ನು ಮತ್ತೆ ಹೊಡೆಯುತ್ತಿದ್ದರು. ಆ ಮುಖ ನೋಡಿದರೆ ಗೊತ್ತಿದ್ದು ಮಾಡಿದವರ ಹಾಗೆ ಕಾಣಲಿಲ್ಲ. ಹಾಗೆ ಕಾಣದ ಹಾಗೆ ಮಾಡುವುದೂ ಗಂಡಸರಿಗೆ ಬರುತ್ತದೆ ಅಂತ ಅಣ್ಣನಿಂದ ಕಲಿತಿದ್ದೆ, ಆದ್ದರಿಂದ ಬಾಯಿ ಬಿಡಲಿಲ್ಲ.

ಎರಡು ದಿನ ಕಳೆದು ಮನೆಯ ಫೋನು ಹೊಡೆದುಕೊಂಡಿತು. ಫಯಾಜ.

"ಅಕ್ಕ, ಸಾರ್ ಇದ್ದಾರಾ? ಅವ್ರ ಮೊಬೈಲ್ ಹತ್ತುತಾ ಇಲ್ಲ. ಗಾಡಿ ಹಂಗೇ ತಗೊಂಡು ಹೋಗ್ಬುಟ್ರಲ್ಲ ಶುಕ್ರವಾರ."

"ಹಂಗೇ ಅಂದ್ರೆ ಹೆಂಗೆ?"

ಅವನು ಹೇಳಿದ್ದು ಇಷ್ಟು. ಕಬ್ಬಿಣದ ಪೈಪನ್ನು ಬಗ್ಗಿಸಿ ವೆಲ್ಡಿಂಗ್ ಮಾಡಿದ ಮೇಲೆ ಅದು ಬಾನೆಟ್ಟಿಗೆ ತಾಗಿದರೆ ಮತ್ತೆ ಕತ್ತರಿಸಬೇಕು. ಅದಕ್ಕೆ ಮೊದಲು ಮರದಲ್ಲಿ ಒಂದು ಅಳತೆ ಸರಳು ಕಡೆದುಕೊಡಿ ಅಂತ ದೊಡ್ಡಪ್ಪನಿಗೆ ಹೇಳಿದ್ದ. ಅವರ ಬೀದಿಯಲ್ಲಿ ಯಾವುದನ್ನೇ ಹೊಸದಾಗಿ ಮಾಡಿದರೂ ಮೊದಲು ಮರದಲ್ಲಿ ನೋಡುವುದೇ ರೂಢಿ. ಮಾಮು ಕಡೆದರು. ಅವತ್ತು ಅವರು ಚೆಸ್ಸಿನ ಕರಿ ಕಾಯಿಗಳನ್ನು ಮಾಡುತ್ತಿದ್ದರಂತೆ, ಕೈಯಲ್ಲಿ ಕರಿ ಅರಗಿನ ಕಡ್ಡಿಯೇ ಇತ್ತು. ಬರಿ ಮೈಯಲ್ಲಿ ಕಳಿಸಬಾರದು ಅಂತ ಅಳತೆ ಸರಳಿಗೂ ಬಳಿದು ಹೊಳಪು ಕೊಟ್ಟುಬಿಟ್ಟರು. ಫಯಾಜ ತುದಿಗಳಿಗೆ ತಗಡಿನ ಪಟ್ಟಿ ಕೂರಿಸಿ, ನಟ್ಟು ಬಿಗಿದು, ಬಾನೆಟ್ ಮುಚ್ಚಿಕೊಳ್ಳುತ್ತದೆಯೇ ಅಂತ ನೋಡಿ, ನಮಾಜಿಗೆ ಹೋದ. ಆಗ ಯಜಮಾನರು ಬಂದರು. ಆಯ್ತಾ ಅಂತ ಕೇಳಿದ್ದಕ್ಕೆ ಮಾಮು, ನಂದು ಆಯ್ತು, ಗಾಡಿ ಒಳ್ಗೇ ಐತೆ, ಅಂದರು. ಯಜಮಾನರಿಗೆ ಅಷ್ಟು ಸಾಕಾಯಿತು.

"ಕಬ್ಣದ್ದು ಇನ್ನೂ ಆಗೇ ಇಲ್ಲ ಅಕ್ಕ. ಕರೆಂಟೇ ಇರಲ್ಲ, ವೆಲ್ಡಿಂಗ್ ಮಾಡೋದ್ ಹೆಂಗೆ?"

"ಮರದ್ದು ಇದ್ರೆ ಗಾಡಿಗೆ ತೊಂದ್ರೆ ಏನಾದ್ರೂ?"

"ತೊಂದ್ರೆ ಏನಿಲ್ಲ, ನಟ್ಟು ಟೈಟಾಗೇ ಅವೆ. ಆದ್ರೆ ಪ್ರಯೋಜ್ನನೂ ಇಲ್ಲ. ಗಾಡಿ ಮುಂಚೆ ಹೆಂಗಿತ್ತೋ ಹಂಗೇ ಐತೆ."

"ಮುಂಚೆ ಇದ್ದಂಗೆ ಓಡಿಸಿದ್ರೆ?"

ಅವನು ನಕ್ಕ. "ಊರೆಲ್ಲ ಹಂಗೇ ಓಡುಸ್ತಾ ಇಲ್ವಾ ಅಕ್ಕ?"

ನಾನು ಫೋನ್ ಹಿಡಿದುಕೊಂಡೇ ಲೆಕ್ಕ ಹಾಕಿದೆ. ನಿಜ ಹೇಳಿದರೆ ಕಾರು ಮತ್ತೆ ಚನ್ನಪಟ್ಟಣಕ್ಕೆ ಹೋಗುತ್ತದೆ, ಕರೆಂಟು ಬರುವ ತನಕ ಅಲ್ಲೇ ಕೂರುತ್ತದೆ, ರಜ ಮುಗಿಯುತ್ತದೆ, ನಾನು ಅರ್ಜಿ ಹಾಕುತ್ತೇನೆ. ಹೇಳದಿದ್ದರೆ ಕಾರು ಸರಿಯಾಗಿದೆ, ಹಾಗಂತ ಕಾರಿನ ಯಜಮಾನರೇ ಬೀದಿಗೆಲ್ಲ ಸಾರಿದ್ದಾರೆ.

"ಫಯಾಜ, ಅವಸರ ಮಾಡ್ಬೇಡಪ್ಪ. ಒಸಿ ನಿಧಾನಕ್ಕೇ ಚೆನ್ನಾಗಿ ಮಾಡು. ಸಾರ್‌ಗೆ ನಾನೇ ಹೇಳ್ತೀನಿ."

ಅಣ್ಣನ ಸೈಕಲ್ಲಿನ ಸೇಡು ಅವತ್ತು ಅರ್ಧ ತೀರಿತು ಅನ್ನಿಸಿತು. ರಾತ್ರಿ ಊಟ ಬಡಿಸುವಾಗ ಕೇಳಿದೆ.

"ರೀ, ಗಾಡಿ ಈಗ ಪೂರ್ತಿ ಸರಿಯಾಯ್ತಾ?"

"ಏನ್ ಹಂಗ್ ಕೇಳ್ತೀಯಾ? ಬಂಡೆ ಹಂಗೈತೆ."

"ಹಂಗಾದ್ರೆ ಕೀ ಕೊಡಿ."

ಅವರು ತುತ್ತನ್ನು ತಟ್ಟೆಗೇ ಇಟ್ಟರು. ಬಂಡೆ ಅಂದ ಬಾಯಲ್ಲಿ ಇನ್ನೇನು ಹೇಳುವುದು? ಕೀ ತಂದು ಕೊಟ್ಟರು. ಕೊಡುವಾಗ ಮಾತ್ರ ಅವರ ಕೈ ಒಂದಿಷ್ಟು ಹೆಚ್ಚೇ ಹೊತ್ತು ಅದನ್ನು ಹಿಡಿದುಕೊಂಡಿತ್ತು. ಅದು ನನಗೆ ಆಗ ಕೊಡಲಾರದ ಮನಸ್ಸಿನ ಹಾಗೆ ಕಂಡಿತು.

ರಜ ಮುಗಿದ ದಿನದಿಂದ ನಾನೇ ಕಾರು ಓಡಿಸಿಕೊಂಡು ಶಾಲೆಗೆ ಹೊರಟೆ. ಮೊದಲ ವಾರ ಬೆನ್ನೆಲ್ಲ ಬೆವರು. ಎಂಜಿನ್ನಿನ ಮೇಲೆ ಹೊಳೆಯುವ ಸರಳಿದೆ, ಅದು ಏನನ್ನೂ ಹಿಡಿದಿಲ್ಲ ಅನ್ನುವುದು ನನಗೊಬ್ಬಳಿಗೇ ಗೊತ್ತು. ಯಾವುದರ ಮೇಲೂ ಭರವಸೆ ಇಲ್ಲದವಳು ಹೇಗೆ ಓಡಿಸುತ್ತಾಳೋ ಹಾಗೆ ಓಡಿಸಿದೆ. ತಿರುವು ಕಾಣುವ ಮೊದಲೇ ಕಾಲು ತೆಗೆಯುತ್ತಿದ್ದೆ, ಗೇರು ಇಳಿಸುತ್ತಿದ್ದೆ. ಎದುರಿಗೆ ಬರುವ ಟಿಪ್ಪರಿನವನು ನನ್ನನ್ನು ನೋಡಿಯೇ ಇಲ್ಲ ಅಂತ ಅಂದುಕೊಂಡೇ ಅಂಚಿಗೆ ಸರಿಯುತ್ತಿದ್ದೆ. ಹೊಸ ಲೇಔಟುಗಳಿಗೆ, ಫ್ಯಾಕ್ಟರಿಗಳಿಗೆ ಜಲ್ಲಿ ಹೊರುವ ಟಿಪ್ಪರುಗಳು ದಾರಿಯುದ್ದಕ್ಕೂ ಚೆಲ್ಲಿಕೊಂಡು ಹೋಗಿರುತ್ತಿದ್ದವು, ಆ ರಸ್ತೆಯ ಮೇಲೂ ನನಗೆ ನಂಬಿಕೆ ಇರಲಿಲ್ಲ. ದಿನ ಕಳೆದ ಹಾಗೆ ಕಾರು ಯಾವ ತಿರುವಿಗೆ ಎಷ್ಟು ವಾಲುತ್ತದೆ, ಎಲ್ಲಿಗೆ ಬಂದು ವಾಲುವುದನ್ನು ನಿಲ್ಲಿಸುತ್ತದೆ ಅನ್ನುವುದು ನನ್ನ ಸೊಂಟಕ್ಕೆ ಗೊತ್ತಾಗತೊಡಗಿತು. ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ ನಾನು ಅಂಗಳದಲ್ಲಿರುತ್ತಿದ್ದೆ. ಜಗಳಗಂಟಿ ಹುಡುಗಿ ಕಾರಿನ ಗಾಜಿನ ದೂಳಿನ ಮೇಲೆ ಬೆರಳಿನಿಂದ ತನ್ನ ಹೆಸರು ಬರೆದು ಕಾಗುಣಿತ ತಪ್ಪಿಲ್ಲದ್ದನ್ನು ನನಗೆ ತೋರಿಸಿದಳು. ಟ್ರಾನ್ಸ್‌ಫರ್ ಮಾತು ಹೆಡ್ಮಾಸ್ಟರರೂ ಎತ್ತಲಿಲ್ಲ, ಮನೆಯವರೂ ಎತ್ತಲಿಲ್ಲ.

ಯಜಮಾನರು ಪ್ರತಿ ಸಂಜೆ ಬಾನೆಟ್ ಎತ್ತಿ ಸರಳನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಒಂದು ಸಲ ಅದರ ಮೇಲಿನ ಉಗುರಿನ ಗುರುತು ನೋಡಿ, "ಇದೇನು?" ಅಂದರು. "ಇಲಿ ಇರ್ಬೇಕು," ಅಂದೆ. ಕಬ್ಬಿಣ ಕಡಿಯುವ ಇಲಿಯ ಬಗ್ಗೆ ಅವರು ಮುಂದೆ ಏನೂ ಕೇಳಲಿಲ್ಲ. ಕೇಳದೆ ಇದ್ದದ್ದು ನನಗೆ ಆಗಲೂ ಒಂದಿಷ್ಟು ವಿಚಿತ್ರವಾಗಿ ಕಂಡಿತ್ತು.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಫಯಾಜ ಬೈಕಿನಲ್ಲಿ ಬಂದಿಳಿದ. ಹೆಗಲ ಮೇಲೆ ಪೇಪರ್ ಸುತ್ತಿದ ಉದ್ದನೆಯ ಏನನ್ನೋ ಹೊತ್ತಿದ್ದ. ನಾನು ಅಡಿಗೆಮನೆಯ ಕಿಟಕಿಯಿಂದಲೇ ಕೈಸನ್ನೆ ಮಾಡಿದೆ. ಅವನು ಅದನ್ನು ನಮಸ್ಕಾರ ಅಂದುಕೊಂಡು ತಿರುಗಿ ನಮಸ್ಕಾರ ಮಾಡಿದ. ನಾನು ಹೊರಗೆ ಓಡಿ ಬರುವಷ್ಟರಲ್ಲಿ ಪೇಪರ್ ಬಿಚ್ಚಾಗಿತ್ತು.

"ಏನಯ್ಯಾ ಇದು?" ಅಂದರು ಯಜಮಾನರು.

"ನಿಮ್ದೇ ಸಾರ್, ಸರಳು. ಕಬ್ಣದ್ದು. ಲೇಟಾಯ್ತು, ಸಾರಿ."

"ಮತ್ತೆ ಅದ್ರಲ್ಲಿರೋದು?"

"ಅದು ಮರದ್ದಲ್ವಾ ಸಾರ್? ಅಳತೆಗೆ ಇಟ್ಟಿದ್ದು. ಅಕ್ಕ ಹೇಳ್ಲಿಲ್ವಾ? ನಿಧಾನಕ್ಕೇ ಮಾಡು ಅಂದಿದ್ರು, ಅದಕ್ಕೇ ನಾನೂ..."

ಯಜಮಾನರು ನನ್ನ ಕಡೆ ತಿರುಗಲಿಲ್ಲ. ಹೋಗಿ ಬಾನೆಟ್ ಎತ್ತಿದರು. ಬೆರಳಿನಿಂದ ತಟ್ಟಿದರು. ಟಕ್ ಟಕ್. ಬೆನ್ನು ನಮ್ಮ ಕಡೆಗಿತ್ತು, ಆದ್ದರಿಂದ ಮುಖ ಹೇಗಾಯಿತು ಅನ್ನುವುದನ್ನು ನಾನು ನೋಡಲಿಲ್ಲ.

"ಗೊತ್ತಿತ್ತು," ಅಂದರು.

ಇವತ್ತಿನವರೆಗೂ ಅವರದ್ದು ಅದೇ ಮಾತು. ರಜ ಮುಗಿದ ನಾಲ್ಕನೇ ದಿನ ಒರೆಸುವಾಗಲೇ ಗೊತ್ತಾಗಿತ್ತಂತೆ. ನಾನು ಕಾರು ತೆಗೆದುಕೊಂಡು ಹೋಗಲು ಶುರು ಮಾಡಿದ್ದೆನಲ್ಲ, ಹೇಳಿದರೆ ಹೆದರಿಕೊಳ್ಳುತ್ತೇನೆ ಅಂತ ಸುಮ್ಮನಿದ್ದರಂತೆ. ನಾನು ಇದನ್ನು ನಂಬಿಲ್ಲ. ಇಲಿಯ ವಿಷಯ ನೆನಪಾದಾಗ ಸ್ವಲ್ಪ ನಂಬುತ್ತೇನೆ, ಅದಾದ ಮೇಲೂ ಫ್ಯಾಕ್ಟರಿಯವರ ಮುಂದೆ ಅವರು ಸರಳಿನ ಬಗ್ಗೆ ಕೊಚ್ಚಿಕೊಂಡದ್ದು ನೆನಪಾದಾಗ ಬಿಟ್ಟುಬಿಡುತ್ತೇನೆ.

ಆದರೆ ಅವತ್ತು ಆಮೇಲೆ ಅವರು ನನ್ನ ಕಡೆ ತಿರುಗಿ ಹೇಳಿದ್ದನ್ನು ನಂಬಿದೆ, ಯಾಕೆಂದರೆ ಅದನ್ನು ಹೇಳುವಾಗ ಅವರಿಗೆ ನಾಚಿಕೆಯಾಗುತ್ತಿತ್ತು.

"ನಿಂಗೂ ಗೊತ್ತಿತ್ತಾ? ಗೊತ್ತಿದ್ದೂ ಆ ತಿರುವಲ್ಲೆಲ್ಲ ದಿನಾ ಹೋಗಿ ಬಂದ್ಯಾ?"

"ಹೂಂ."

"ಭಯ ಆಗ್ಲಿಲ್ವಾ?"

"ಆಯ್ತು. ನಿಮಗ್ಯಾಕೆ ಅಷ್ಟು ಭಯ ರೀ?"

ಅವರು ಕಬ್ಬಿಣದ ಸರಳನ್ನು ಕೈಯಲ್ಲಿ ಹಿಡಿದು, ಅದರ ವೆಲ್ಡಿಂಗ್ ನೋಡುವ ನೆಪದಲ್ಲಿ ತಲೆ ತಗ್ಗಿಸಿದರು. "ಗಾಡಿ ತಗೊಂಡ ಹೊಸದ್ರಲ್ಲಿ ಒಬ್ನೇ ಮಾಗಡಿಗೆ ಹೋಗಿದ್ನಲ್ಲ, ಅವತ್ತು ಒಂದು ತಿರುವಲ್ಲಿ ಜಲ್ಲಿ ಚೆಲ್ಲಿತ್ತು. ಹಿಂದ್ಗಡೆ ಹಂಗೇ ಜಾರ್ಬುಡ್ತು ಕಣೆ. ಮೋರಿ ಕಟ್ಟೆ ಪಕ್ಕಕ್ಕೆ ಹೋಗಿ ನಿಂತ್ಕತು. ಇಳಿದು ನೋಡ್ತೀನಿ, ಕೆಳಗೆ ಹಳ್ಳ. ನೀನು ಅದೇ ರೋಡಲ್ಲಿ ದಿನಾ ಹೋಯ್ತೀನಿ ಅಂತ ಕೂತಿದ್ದೆ."

"ಹೇಳೋಕೇನಾಗಿತ್ತು?"

"ಏನಂತ ಹೇಳ್ಲಿ? ಸ್ಪೀಡಲ್ಲಿ ಹೋಗಿ ನಾನೇ ಜಾರಿಸ್ದೆ ಅಂತ ಹೇಳ್ಲಾ? ಗಾಡಿ ಸಡ್ಲ ಅಂದೆ."

ನನಗೆ ಅವರ ಮೇಲೆ ಪ್ರೀತಿ ಉಕ್ಕಿತು, ಅದರ ಜೊತೆಗೇ ಇಷ್ಟು ತಿಂಗಳು ನನ್ನನ್ನು ಸತಾಯಿಸಿದ್ದಕ್ಕೆ ಎರಡು ಬಾರಿಸಬೇಕು ಅಂತಲೂ ಅನ್ನಿಸಿತು. ಫಯಾಜ ಸ್ಪ್ಯಾನರ್ ಕೈಯಲ್ಲಿ ಹಿಡಿದು ನಮ್ಮಿಬ್ಬರ ನಡುವೆ ನಿಂತಿದ್ದ ಪಾಪ. ಗಾಡಿ ಯಾರು ಓಡಿಸುತ್ತಾರೆ ಅನ್ನುವುದು ಅವನಿಗೆ ಗೊತ್ತಿತ್ತು, ನನ್ನನ್ನೇ ಕೇಳಿದ.

"ಇದನ್ನ ಹಾಕ್ಲಾ ಅಕ್ಕ?"

ನಾನು ಯೋಚಿಸಿದೆ. ಅದು ಒಳ್ಳೆಯ ಸರಳು, ಅದರ ಮೇಲೆ ನನಗೆ ಅನುಮಾನವಿರಲಿಲ್ಲ. "ಬೇಡಪ್ಪ," ಅಂದೆ. "ಇದು ಎಷ್ಟು ವಾಲ್ತದೆ ಅಂತ ಈಗ ನಂಗೆ ಗೊತ್ತು. ಅದನ್ನ ಹಾಕಿದ್ರೆ ಮತ್ತೆ ಮೊದ್ಲಿಂದ ಕಲೀಬೇಕು. ಮರದ್ದೂ ಬಿಚ್ಬಿಡು."

ಯಜಮಾನರು ಏನೋ ಹೇಳಲು ಬಾಯಿ ತೆರೆದರು. ನಾನು ಎಡಗಡೆಯ ಬಾಗಿಲು ತೆಗೆದು ಹಿಡಿದೆ. "ಬನ್ನಿ, ಕೂತ್ಕೊಳ್ಳಿ. ಆ ತಿರುವು ಯಾವುದು ತೋರ್ಸಿ."

ಅವರು ಆ ಕಡೆ ಕೂತದ್ದು ಅದೇ ಮೊದಲು. ಊರು ದಾಟುವ ತನಕ ಗೇರು, ಕ್ಲಚ್ಚು, ಹಾರನ್ನು ಅಂತ ಪಾಠ ಹೇಳಿದರು. ಬೆಟ್ಟಗಳು ಹತ್ತಿರವಾಗಿ ತಿರುವುಗಳು ಶುರುವಾದ ಮೇಲೆ ಮಾತು ನಿಂತಿತು. ಅವರ ಬಲಗಾಲು ನೆಲದ ಮೇಲೆ, ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ನಾನು ದಿನಾ ಮಾಡುವ ಹಾಗೆ ಮೊದಲೇ ಕಾಲು ತೆಗೆದು, ಗೇರು ಇಳಿಸಿ, ಕಾರು ವಾಲುವಷ್ಟು ವಾಲಲು ಬಿಟ್ಟು ತಿರುಗಿಸುತ್ತಾ ಹೋದೆ. ಒಂದು ಕಡೆ ಜಲ್ಲಿ ಚೆಲ್ಲಿತ್ತು, ಅಂಚಿನಿಂದ ಸುತ್ತಿಕೊಂಡು ಹೋದೆ. ಇನ್ನೊಂದು ಕಡೆ ಹಸುಗಳು ಅಡ್ಡ ಬಂದವು, ಅವು ದಾಟುವ ತನಕ ನಿಂತೆ. ಇವರು ಕಣ್ಣು ಮುಚ್ಚಿಕೊಂಡಿದ್ದಾರೋ ಅಂತ ಅನುಮಾನ ಬಂದು ಒಮ್ಮೆ ತಿರುಗಿ ನೋಡಿದೆ, ತೆರೆದುಕೊಂಡೇ ಇದ್ದರು.

ಕೆಂಪಾಪುರದ ಮನೆಗಳು ಕಾಣಿಸತೊಡಗಿದಾಗ ಕೇಳಿದೆ, "ಎಲ್ಲಿ ರೀ? ನೀವು ಜಾರಿದ್ದ ತಿರುವು ಇನ್ನೂ ಬರ್ಲೇ ಇಲ್ವಲ್ಲ?"

ಅವರು ಹಿಂದಿನ ಗಾಜಿನ ಕಡೆಗೊಮ್ಮೆ ತಿರುಗಿ ನೋಡಿದರು. ಆಮೇಲೆ ಕಿಟಕಿಯ ಮೇಲಿನ ಹಿಡಿಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಆಗ್ಲೇ ದಾಟ್ಬುಟ್ಟೆ ಕಣೆ," ಅಂದರು.